ನರ ಹಿಡಿದಿದೆ ಅಂದ್ರೆ ಯಾವ ನರ?

ಕಳೆದ ವರ್ಷ ಅಮ್ಮನಿಗೆ ಕಾಲುನೋವು ಶುರುವಾಯ್ತು. "ಎರಡೂ ತೊಡೆ ನರ ಹಿಡ್ಕೊಂಡಿದೆ ಕಣೋ" ಅಂತ ನನಗೆ ಹೇಳಿದ್ದನ್ನೇ ಡಾಕ್ಟರಿಗೂ ಹೇಳಿದಳು. ಅವರು ನರ ಅಂದರೆ ನರ್ವ್ ಅಂದುಕೊಂಡು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳು ನುಂಗಿದ್ದಷ್ಟೇ ಬಂತು.

ಆಮೇಲೆ ಇನ್ನೊಬ್ಬ ಡಾಕ್ಟರು "ಅಮ್ಮಾ, ಕುರ್ಚಿಯಿಂದ ಕೈಯೂರದೆ ಏಳಿ ನೋಡೋಣ" ಅಂದರು. ಆಗಲಿಲ್ಲ. ತೊಂದರೆ ಇದ್ದದ್ದು ಮಾಂಸಖಂಡದಲ್ಲಿ! ಮಾಂಸಖಂಡಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಸಿ.ಕೆ. ಅನ್ನೋ ಕಿಣ್ವ ಜಾಸ್ತಿ ಇತ್ತು. ಕೊಲೆಸ್ಟೆರಾಲಿಗೆ ತಗೋತಿದ್ದ ಸ್ಟ್ಯಾಟಿನ್ ಮಾತ್ರೆ ಕಾರಣ ಇರಬಹುದು ಅಂತ ಅವರು ಅದನ್ನ ನಿಲ್ಲಿಸಿ, ಸ್ವಲ್ಪ ದಿನ ಬಿಟ್ಟು ಬೇರೆ ಕೊಟ್ಟರು. ಈಗ ಆರಾಮಾಗಿದ್ದಾಳೆ. (ನೀವಾಗೇ ಮಾತ್ರೆ ನಿಲ್ಲಿಸಬೇಡಿ ಮತ್ತೆ!)

ಮೊದಲಿನ ಡಾಕ್ಟರನ್ನ ಬೈಯೋಕೆ ಇದನ್ನ ಬರೀತಿಲ್ಲ. ನಮ್ಮ 'ನರ'ದ ಕಥೆಯೇ ಹಾಗೆ. ಮುಂಗೈ ಮೇಲೆ ಉಬ್ಬಿ ಕಾಣೋ ರಕ್ತನಾಳವೂ ನರ, ಹಿಮ್ಮಡಿ ಮೇಲಿನ ಗಟ್ಟಿ ಹುರಿಯೂ ನರ, ರಾತ್ರಿ ಮೀನಖಂಡ ಸೆಟೆದುಕೊಂಡರೆ ಅದೂ ನರವೇ. ಹೋಗಲಿ, ಪುಸ್ತಕದ ಪದ ಬಳಸೋಣ ಅಂದರೆ, ನಾವು ಶಾಲೆಯಲ್ಲಿ ಮಸಲ್‌ಗೆ 'ಸ್ನಾಯು' ಅಂತ ಓದಿದ್ದೀವಿ. ಸುಶ್ರುತ ಸಂಹಿತೆಯಲ್ಲೋ ಮಾಂಸಖಂಡಕ್ಕೆ 'ಪೇಶಿ' ಅಂತಿದೆ, 'ಸ್ನಾಯು' ಅಂದರೆ ಕೀಲನ್ನು ಬಿಗಿಯುವ ಕಟ್ಟು! ಮಸ್ಕ್ಯುಲರ್ ಡಿಸ್ಟ್ರಫಿಗೆ 'ಸ್ನಾಯುಕ್ಷಯ' ಅಂತ ಬರೆದರೆ ಟಿ.ಬಿ. ಅಂದುಕೊಂಡು ಹೆದರೋರೂ ಇದ್ದಾರೆ.

ಹಾಗಾಗಿ ಹೊಸ ಪದ ಟಂಕಿಸೋಕೆ ಮೊದಲು ಇರೋ ಪದಗಳನ್ನ ಡಾಕ್ಟರುಗಳು ಕಲೀಲಿ ಅನ್ನೋದು ನನ್ನ ವಾದ. ಜೋಮು, ಚಳುಕು, ಸೆಳೆತ, ಉಳುಕು... ಎಲ್ಲ ಬೇರೆ ಬೇರೆ. ಜೋಮು ಅಂದರೆ ನಿಜವಾದ ನರ್ವ್ ಕಡೆ ನೋಡಬೇಕು. ಉಳುಕು ಮಾತ್ರ ಜೋಪಾನ: ಕೀಲಿನ ಕಟ್ಟು ಎಳೆದುಕೊಂಡರೆ ಅವರಿಗೆ ಸ್ಪ್ರೇನ್, ಮಾಂಸಖಂಡ ಎಳೆದುಕೊಂಡರೆ ಸ್ಟ್ರೇನ್, ನಮಗೆ ಎರಡೂ ಉಳುಕೇ. 2019ರಿಂದ ಎಂಬಿಬಿಎಸ್ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಜಾಗ ಇದೆ. "ಊಟ ಆಯ್ತಾ" ಜೊತೆಗೆ "ನರ ಹಿಡಿದಿದೆ"ಯನ್ನೂ ಕಲಿಸಲಿ.

ನಾವೂ ಅಷ್ಟೆ. ರೋಗದ ಹೆಸರು ನಾವೇ ಇಡೋ ಬದಲು ಏನು ಮಾಡೋಕಾಗ್ತಿಲ್ಲ ಅಂತ ಹೇಳಬೇಕು: "ಮೆಟ್ಟಿಲು ಹತ್ತೋಕಾಗಲ್ಲ", "ಕುಕ್ಕರುಗಾಲಲ್ಲಿ ಕೂತರೆ ಏಳೋಕಾಗಲ್ಲ." ಅಮ್ಮ ಅಷ್ಟು ಹೇಳಿದ್ದಿದ್ದರೆ ಎರಡು ತಿಂಗಳು ಉಳೀತಿತ್ತು.

ನಿಮ್ಮೂರ ಕಡೆ ಇದಕ್ಕೆಲ್ಲ ಏನಂತಾರೆ? ಬರೀರಿ, ಒಂದು ಪಟ್ಟಿ ಮಾಡೋಣ.