ಅಜ್ಜಿ ಮನೆಗೆ ರೇಟ್ ಕಟ್ಟಿದ್ದು ಯಾರು?

ಭಾಗ 1/5
ಫೋಟೋದಲ್ಲಿರುವುದು ಬನ್ನಂಜೆಯ ನಮ್ಮ ಅಜ್ಜಿ ಮನೆ. ಹಂಚಿನ ಮಾಡು, ಬಾವಿ, ತುಳಸಿಕಟ್ಟೆ, ಒಟ್ಟು 10 ಸೆಂಟ್ಸ್. ಕಳೆದ ತಿಂಗಳು ರಿಜಿಸ್ಟರ್ ಆಯ್ತು, ಈಗ ನಮ್ಮದಲ್ಲ. ಮಾರಿದ್ದಕ್ಕೆ ಬೇಜಾರುಂಟು. ಸಿಟ್ಟು ಬರುವುದು ಮಾತ್ರ ಎರಡು ವರ್ಷ ಮಾರದೆ ಕೂತದ್ದಕ್ಕೆ.

ಅಜ್ಜಿ ಹೋದ ಮೇಲೆ ನಾಲ್ಕು ಪಾಲು. ಮುಂಬೈ ಮಾಮ ವಿಡಿಯೋ ಕಾಲಲ್ಲೇ ರೇಟ್ ಫಿಕ್ಸ್ ಮಾಡಿದ್ರು: "1 ಕೋಟಿ 40 ಲಕ್ಷ ಹೇಳುವ. ಮತ್ತೆ ಕಡಿಮೆ ಮಾಡ್ಲಿಕ್ಕೆ ಆಗ್ತದೆ, ಜಾಸ್ತಿ ಮಾಡ್ಲಿಕ್ಕೆ ಆಗ್ತದಾ?" ಈ ಲೆಕ್ಕ ಎಲ್ಲಿಂದ ಬಂತು? ಕೆಎಸ್‌ಆರ್‌ಟಿಸಿ ಹೊಸ ಬಸ್ ಸ್ಟ್ಯಾಂಡ್ ಬನ್ನಂಜೆಗೆ ಬಂತಲ್ಲ, ಸೆಂಟ್ಸಿಗೆ 14 ಲಕ್ಷ ಉಂಟಂತೆ ಅಂತ ಯಾರೋ ಮದುವೆ ಊಟದಲ್ಲಿ ಹೇಳಿದ್ದಂತೆ.

ಭಾಗ 2/5
ಮೊದಲ ತಿಂಗಳು ಆರು ಪಾರ್ಟಿ ಬಂದ್ರು. ಮಣಿಪಾಲದ ಒಂದು ಫ್ಯಾಮಿಲಿ 1 ಕೋಟಿ 5 ಲಕ್ಷಕ್ಕೆ ರೆಡಿ ಇದ್ರು. "ಇಷ್ಟು ಬೇಗ ಇಷ್ಟು ಕೊಡ್ತಾರಾದ್ರೆ ಇನ್ನೂ ಕೊಡುವವರು ಇರ್ತಾರೆ" ಅಂತ ಕಳ್ಸಿದ್ರು. ಆಮೇಲೆ ಫೋನೇ ಇಲ್ಲ.

ಎರಡು ಮಳೆಗಾಲ. ಹಂಚು ಜಾರಿತು, ಪಕ್ಕಾಸಿಗೆ ಗೆದ್ದಲು. ಊರಲ್ಲಿ ಮಾತು ಶುರು: "ಇಷ್ಟು ದಿನ ಹೋಗ್ಲಿಲ್ಲ ಅಂದ್ರೆ ನಾಗದೋಷವೋ, ಕೋರ್ಟ್ ಕೇಸೋ ಎಂತದೋ ಉಂಟು." ಪ್ರಶ್ನೆ ಇಡಿಸುವ ಅಂತ ನಮ್ಮ ಮನೆಯಲ್ಲೂ ಚರ್ಚೆ! ದೋಷ ಇದ್ದದ್ದು ರೇಟಿನಲ್ಲಿ ಮಾರಾಯ್ರೆ.

ಕೊನೆಗೆ ನಮಗೆ ಅರ್ಜೆಂಟ್ ಅಂತ ಎಲ್ರಿಗೂ ಗೊತ್ತಾಗಿ 92 ಲಕ್ಷಕ್ಕೆ ಹೋಯ್ತು. 13 ಲಕ್ಷ ನೇರ ನಷ್ಟ. ಅವತ್ತಿನ 1.05 ಕೋಟಿಗೆ ಶೇ. 6 ಬಡ್ಡಿ ಹಿಡಿದ್ರೂ ಎರಡು ವರ್ಷಕ್ಕೆ 12 ಲಕ್ಷ 60 ಸಾವಿರ. ಜಾಸ್ತಿ ಹೇಳಿದ್ದಕ್ಕೆ ನಾವು ಕಟ್ಟಿದ ದಂಡ 25 ಲಕ್ಷದ ಮೇಲೆ.

ಭಾಗ 3/5
ತಗೊಳ್ಳುವವರ ಕಡೆಯಿಂದ ಒಮ್ಮೆ ಲೆಕ್ಕ ಹಾಕಿ. ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್. ರಿಜಿಸ್ಟ್ರೇಶನ್ ಫೀ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಂದು ಕೋಟಿಯ ಮನೆಗೆ ಏಳೂವರೆ ಲಕ್ಷದ ಮೇಲೆ ಸರಕಾರಕ್ಕೇ ಹೋಗ್ತದೆ. 75 ಲಕ್ಷಕ್ಕಿಂತ ದೊಡ್ಡ ಹೋಮ್ ಲೋನ್ ಬೇಕಾದ್ರೆ ಆರ್‌ಬಿಐ ನಿಯಮದಲ್ಲಿ ಬೆಲೆಯ ಶೇ. 75 ಮಾತ್ರ ಸಿಗುವುದು. ಅದೂ ಬ್ಯಾಂಕಿನ ವ್ಯಾಲ್ಯುವರ್ ಬರೆದ ಬೆಲೆಗೆ. ಮಾಮನ ವಿಡಿಯೋ ಕಾಲ್ ಬೆಲೆಗೆ ಬ್ಯಾಂಕ್ ಸಾಲ ಕೊಡುವುದಿಲ್ಲ.

"ಅಜ್ಜಿಯ ನೆನಪಿಗೆ ಬೆಲೆ ಇಲ್ವಾ?" ಉಂಟು, ನಮಗೆ. ಆ ಅಂಗಳದಲ್ಲಿ ನಾನು ಬಿದ್ದು ಹಲ್ಲು ಮುರ್ಕೊಂಡದ್ದಕ್ಕೆ ಮಣಿಪಾಲದವರು ಎಂತಕ್ಕೆ ದುಡ್ಡು ಕೊಡ್ಬೇಕು?

ಭಾಗ 4/5
ಹಾಗಾದ್ರೆ ಎಂತ ಮಾಡುವುದು?
👉 ಕಾವೇರಿ ವೆಬ್‌ಸೈಟಲ್ಲಿ ಗೈಡೆನ್ಸ್ ವ್ಯಾಲ್ಯೂ ನೋಡಿ. ಅದು ಡ್ಯೂಟಿ ಲೆಕ್ಕದ ಕನಿಷ್ಠ ದರ, ಮಾರ್ಕೆಟ್ ರೇಟ್ ಅಲ್ಲ. ಆದ್ರೂ ಶುರು ಮಾಡ್ಲಿಕ್ಕೆ ಒಂದು ನೆಲ.
👉 ಅದೇ ಓಣಿಯಲ್ಲಿ ಇತ್ತೀಚೆಗೆ ನಿಜವಾಗಿ ಮಾರಿದ ರೇಟ್ ವಿಚಾರಿಸಿ. ಆ್ಯಪಲ್ಲಿ ಹಾಕಿದ್ದು ಕೇಳುವ ರೇಟ್, ಕೊಟ್ಟ ರೇಟ್ ಅಲ್ಲ.
👉 ಮೇನ್ ರೋಡ್ ಬದಿಯ ರೇಟನ್ನು ಆಟೋ ಮಾತ್ರ ಹೋಗುವ ಓಣಿಗೆ ಹಾಕ್ಬೇಡಿ.
👉 ಖಾತೆ, ಇಸಿ, ಎಲ್ಲ ಪಾಲುದಾರರ ಸಹಿ ಮೊದಲೇ ರೆಡಿ ಇರಲಿ. ಪೇಪರ್ ಕ್ಲಿಯರ್ ಇದ್ರೆ ಅದಕ್ಕೇ ಜನ ಜಾಸ್ತಿ ಕೊಡ್ತಾರೆ.
👉 ಸಂಬಂಧ ಇಲ್ಲದ ವ್ಯಾಲ್ಯುವರ್ ಒಬ್ರಿಗೆ ಫೀಸ್ ಕೊಟ್ಟು ತೋರ್ಸಿ.
ಆಮೇಲೆ ಚರ್ಚೆಗೆ ಸ್ವಲ್ಪ ಜಾಗ ಇಟ್ಟು ಹೇಳಿ. ಸ್ವಲ್ಪ ಅಂದ್ರೆ ಸ್ವಲ್ಪ.

ಭಾಗ 5/5
"ಹಾಗಾದ್ರೆ ಕಮ್ಮಿಗೆ ಬಿಟ್ಟುಕೊಡ್ಬೇಕಾ?" ಅಂತ ಡಿಎಮ್ ಬಂದಿದೆ. ಖಂಡಿತ ಬೇಡ. ಅರ್ಧ ಬೆಲೆಗೆ ಕೇಳುವವರಿಗೆ ಚಾ ಕೊಟ್ಟು ಕಳ್ಸಿ. "ಕಾಗದದಲ್ಲಿ ಕಮ್ಮಿ, ಉಳಿದದ್ದು ಕ್ಯಾಶ್" ಅಂದವರಿಗೆ ಚಾ ಕೂಡ ಬೇಡ. ಆಸ್ತಿ ಮಾರಾಟದಲ್ಲಿ 20,000 ಅಥವಾ ಜಾಸ್ತಿ ಕ್ಯಾಶ್ ತಗೊಂಡ್ರೆ ಅಷ್ಟೇ ಮೊತ್ತದ ದಂಡ ಬೀಳ್ಬಹುದು, ಅದೂ ತಗೊಂಡ ನಮಗೆ.

ಮಾಮನ ಮೇಲೆ ದ್ವೇಷ ಇಲ್ಲ. ಅವರಿಗೆ ಕಾಯ್ಲಿಕ್ಕೆ ಆಗ್ತಿತ್ತು, ಅಷ್ಟೆ. ಚಿಕ್ಕಮ್ಮನಿಗೆ ಆಗ್ತಿರ್ಲಿಲ್ಲ. ಕಾಪುವಿನಲ್ಲಿ ಬಾಡಿಗೆ ಮನೆ, ಪಾಲು ಬಂದ್ರೆ ಸಣ್ಣದೊಂದು ಸ್ವಂತ ಮನೆ ಅಂತ ನೋಡಿಟ್ಟಿದ್ರು. ಅದು ಬೇರೆಯವರಿಗೆ ಹೋಯ್ತು. "ಜಾಸ್ತಿ ಹೇಳಿ ನೋಡುವ, ಹೋದ್ರೆ ಎಂತ ಹೋಗ್ತದೆ" ಅಂತ ಎಲ್ರೂ ಹೇಳುವಾಗ ಅವರು ಮಾತೇ ಆಡ್ಲಿಲ್ಲ. ನಾನೂ ಪಕ್ಕದಲ್ಲೇ ರೀಲ್ಸ್ ನೋಡ್ತಾ ಕೂತಿದ್ದೆ.

ಇದೆಲ್ಲ ದೊಡ್ಡವರ ವಿಷಯ ಅನ್ಬೇಡಿ. ಮನೆಯಲ್ಲಿ ಕಾವೇರಿ ವೆಬ್‌ಸೈಟ್ ಓಪನ್ ಮಾಡ್ಲಿಕ್ಕೆ ಬರುವುದು ನಮಗೇ. ಮುಂದಿನ ಸಲ ಮನೆಯಲ್ಲಿ ರೇಟ್ ಮಾತು ಬಂದ್ರೆ ಫೋನಲ್ಲಿ ಅದನ್ನು ತೆಗ್ದು ತೋರ್ಸಿ. ಮತ್ತೆ ಕೇಳಿ: ಈ ರೇಟಿಗೆ ಕಾಯ್ಲಿಕ್ಕೆ ನಮ್ಮಲ್ಲಿ ಯಾರಿಗೆ ಆಗುವುದಿಲ್ಲ?

ಸೇವ್ ಮಾಡಿ, ಫ್ಯಾಮಿಲಿ ಗ್ರೂಪಿಗೆ ಹಾಕಿ. ಬೈಗುಳ ಬಂದ್ರೆ ಕಮೆಂಟಲ್ಲಿ ಹೇಳಿ 😅

#ಬನ್ನಂಜೆ #ಉಡುಪಿ #ಅಜ್ಜಿಮನೆ #ಮನೆಮಾರಾಟ