ಸೆಲ್ಫ್ ಮುನಿದಾಗ

ಹಳೆಯ ಮೋಟಾರು ಮನೆಯ ಹಿರಿಯರಂತೆ. ಮಾತು ನಿಲ್ಲಿಸಿದರೆ ಏನೋ ದೊಡ್ಡ ಕಾರಣವಿರಬೇಕೆಂದು ಎಲ್ಲರೂ ಗಾಬರಿಗೊಳ್ಳುತ್ತಾರೆ. ವಿಚಾರಿಸಿ ನೋಡಿದರೆ ಅದು ಬಹುಮಟ್ಟಿಗೆ ಸಣ್ಣದೇ ಆಗಿರುತ್ತದೆ.

ತಿಪಟೂರಿನ ಕುಟುಂಬವೊಂದು ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆಯ ಜಲಾಶಯವನ್ನು ನೋಡಲು ಬಂದಿದೆಯೆಂದಿಟ್ಟುಕೊಳ್ಳಿ. ಬುತ್ತಿ ಉಂಡಾಯಿತು, ಹೊತ್ತು ಮುಳುಗುತ್ತಿದೆ, ಮಕ್ಕಳು ತೂಕಡಿಸುತ್ತಿದ್ದಾರೆ. ಯಜಮಾನರು ಸೆಲ್ಫ್ ಹೊಡೆಯುತ್ತಾರೆ. ಅಂಬಾಸಡರ್ 'ಕಟ್' ಎಂದು ಸುಮ್ಮನಾಗುತ್ತದೆ. "ಬ್ಯಾಟರಿ ಸತ್ತಿತು" ಎಂಬ ತೀರ್ಪು ಒಡನೆಯೇ ಹೊರಬೀಳುತ್ತದೆ. ಸಾವಿರಾರು ರೂಪಾಯಿಯ ವೆಚ್ಚಕ್ಕೆ ಮೂಲವಾಗುವುದು ಈ ಅವಸರದ ತೀರ್ಪೇ.

ಕೆರೆ ತುಂಬಿದ್ದರೂ ತೂಬಿನ ಬಾಯಿಗೆ ಹೂಳು ಕಟ್ಟಿದರೆ ತೋಟಕ್ಕೆ ನೀರು ಹರಿಯುವುದುಂಟೆ? ಬ್ಯಾಟರಿಯ ಟರ್ಮಿನಲ್ಲುಗಳಿಗೆ ಹಿಡಿಯುವ ಕಿಲುಬು ಅಂಥದೇ ಹೂಳು. ದೀಪಗಳಿಗೆ ಸುಮಾರು 10 ಆಂಪಿಯರ್ ಸಾಕು. ಸೆಲ್ಫಿಗೆ 150 ಆಂಪಿಯರಿನಷ್ಟು ಬೇಕಾದೀತು. ಕಿಲುಬಿನ ತಡೆ ಓಮಿನ ಐವತ್ತನೆಯ ಒಂದು ಪಾಲಿದ್ದರೂ ಸಾಕು, ದೀಪದ ಪ್ರವಾಹಕ್ಕೆ ಆಗುವ ನಷ್ಟ 0.2 ವೋಲ್ಟ್, ಸೆಲ್ಫಿನ ಪ್ರವಾಹಕ್ಕೆ 3 ವೋಲ್ಟ್! ದೀಪ ಬೆಳಗುತ್ತಿದ್ದರೂ ಸೆಲ್ಫ್ ಮುನಿಯುವ ಗುಟ್ಟು ಇದೇ.

ಆದ್ದರಿಂದ ಮೊದಲ ಪರೀಕ್ಷಕ ದೀಪವೇ. ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಬೇಕು; ಮತ್ತೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ದೀಪ ಕುಗ್ಗದೆ ಉರಿದರೆ ಪ್ರವಾಹ ಸೆಲ್ಫನ್ನು ಮುಟ್ಟುತ್ತಿಲ್ಲ. ದೋಷ ಸ್ವಿಚ್ಚಿನಲ್ಲೋ ಅದರ ತಂತಿಯಲ್ಲೋ ಸೆಲ್ಫಿನಲ್ಲೋ ಇದೆ. ದೀಪ ಕೆಂಪಗಾಗಿ ನಂದಿದರೆ ಬ್ಯಾಟರಿ ಬರಿದಾಗಿರಬೇಕು, ಇಲ್ಲವೆ ಬೆಸುಗೆ ಸಡಿಲಿರಬೇಕು. ಬಿಸಿಯಾದ ಟರ್ಮಿನಲ್ಲೇ ಅಪರಾಧಿ. ವೋಲ್ಟ್ ಮೀಟರಿದ್ದರೆ ಇನ್ನೂ ಸುಲಭ: ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ತೋರಿದರೆ ತುಂಬಿದೆ, 12ಕ್ಕಿಂತ ಕೆಳಗಿಳಿದಿದ್ದರೆ ಬರಿದು.

ಟರ್ಮಿನಲ್ ಬಿಚ್ಚುವಾಗ ಕಾರಿನ ಮೈಗೆ ಸೇರಿದ ತಂತಿಯನ್ನು ಮೊದಲು ಬಿಚ್ಚಿ ಕೊನೆಗೆ ಜೋಡಿಸಬೇಕು. ತಪ್ಪಿದರೆ ಸ್ಪ್ಯಾನರ್ ತಗುಲಿ ಕಿಡಿ ಹಾರೀತು. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಒಂದು ಕಿಡಿ, ಒಂದು ಬೀಡಿ ಸಾಕು. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಕಿಲುಬು ತೊಳೆದು, ಒರಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿದರಾಯಿತು. ಎಂಜಿನು ರಬ್ಬರಿನ ಮೇಲೆ ಕುಳಿತಿರುವುದರಿಂದ ಅದನ್ನು ಕಾರಿನ ಮೈಗೆ ಕೂಡಿಸುವ ಹೆಣೆದ ಪಟ್ಟಿಯೊಂದಿರುತ್ತದೆ. ಬಹುಜನ ಮರೆಯುವುದು ಅದನ್ನೇ.

ಎಂಜಿನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸೆಲ್ಫ್ ನಿರಪರಾಧಿ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನೂ ಪ್ಲಗ್ಗುಗಳನ್ನೂ ನೋಡಬೇಕು.

1912ರ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ ಸೆಲ್ಫ್ ಬರುವ ಮುನ್ನ ಹ್ಯಾಂಡಲ್ ಹಿಮ್ಮೆಟ್ಟಿ ಕೈ ಮುರಿದುಕೊಂಡವರೆಷ್ಟೋ ಮಂದಿ. ಇಂದೂ ಹ್ಯಾಂಡಲ್ ತಿರುಗಿಸುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಯಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು; ಉಳಿದವು ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಹೊರಬರುವಂಥವು. ಅಟ್ಟದ ಮೇಲೆ ವರ್ಷಕಾಲ ಕುಳಿತ ತೆಂಗಿನಕಾಯಿ ಒಳ್ಳೆಯ ಉಂಡೆಕೊಬ್ಬರಿಯಾದೀತು. ಹಾಗೆ ಕುಳಿತ ಬ್ಯಾಟರಿ ತನ್ನಷ್ಟಕ್ಕೆ ತಾನೇ ಬರಿದಾಗುತ್ತದೆ. ವಾರಕ್ಕೊಮ್ಮೆ ಹತ್ತು ಮೈಲಿ ಓಡಿಸಿ ಬಂದರೆ ಅದರ ಆಯುಸ್ಸೂ ಮನೆಯವರ ನೆಮ್ಮದಿಯೂ ಬೆಳೆಯುತ್ತವೆ.