ಹಸಿರು ಮನೆಯ ಹಿಂದಿನ ತಗಡಿನ ಶೆಡ್ಡು

ಬೆಂಗಳೂರಿನಲ್ಲಿ ಈಗ ಗೋಡೆಗೆ ಯಾವ ಬಣ್ಣ ಬಳಿದಿರಲಿ, ಅಪಾರ್ಟ್‌ಮೆಂಟ್ ಮಾತ್ರ ‘ಹಸಿರು’. ಬ್ರೋಶರ್ ತೆಗೆದು ನೋಡಿ. ಮಳೆನೀರು ಕೊಯ್ಲು ಇದೆ, ಸೋಲಾರ್ ಇದೆ, ಕಾರಿಗೆ ಚಾರ್ಜಿಂಗ್ ಪಾಯಿಂಟ್ ಇದೆ, ಚಿಟ್ಟೆಗಳಿಗೆ ಅಂತಲೇ ಒಂದು ತೋಟವೂ ಇರುತ್ತೆ. ಚಿಟ್ಟೆಯ ವಸತಿ ಬಗ್ಗೆ ಯೋಚಿಸಿದ ಪುಣ್ಯಾತ್ಮರು, ಅದನ್ನೆಲ್ಲ ಕಟ್ಟುವ ಮನುಷ್ಯರು ರಾತ್ರಿ ಎಲ್ಲಿ ಮಲಗ್ತಾರೆ ಅನ್ನೋದನ್ನು ಅಚ್ಚು ಹಾಕಿಸಿದ್ದನ್ನು ನಾನಂತೂ ನೋಡಿಲ್ಲ.

ಎಲ್ಲಿ ಅಂತ ಹೇಳ್ತೀನಿ. ಸೈಟಿನ ಹಿಂದೆ, ತಗಡಿನ ಬೇಲಿಯ ಆಚೆ. ಗೋಡೆಯೂ ತಗಡು, ಸೂರೂ ತಗಡು. ಗಾಳಿಗೆ ಹಾರದ ಹಾಗೆ ಮೇಲೆ ನಾಲ್ಕು ಕಲ್ಲು. ಏಪ್ರಿಲ್ ಮಧ್ಯಾಹ್ನ ಒಳಗೆ ಹೋದರೆ ಕಾದ ಹೆಂಚಿನ ಮೇಲೆ ಕೂತ ಹಾಗೆ. ಸ್ನಾನಕ್ಕೆ ಬಯಲಲ್ಲಿರೋ ಸಿಮೆಂಟ್ ತೊಟ್ಟಿ. ಯಾದಗಿರಿ, ರಾಯಚೂರಿನಿಂದ ಬಂದವರು, ಒಡಿಶಾ, ಬಿಹಾರ, ಬಂಗಾಳದಿಂದ ಬಂದವರು ಇಲ್ಲೇ ಅಡುಗೆ ಮಾಡಿ, ಇಲ್ಲೇ ಮಕ್ಕಳನ್ನು ಸಾಕಿ, ನಮ್ಮ ಹದಿನಾಲ್ಕನೇ ಮಹಡಿಗೆ ಗಾರೆ ಹಚ್ಚುತ್ತಾರೆ.

ನನ್ನ ವಾದ ಇಷ್ಟೇ: ಕಟ್ಟಿದವರನ್ನು ಬೇಯಿಸಿ ಕಟ್ಟಿದ ಮನೆ, ಎಷ್ಟು ಯೂನಿಟ್ ಕರೆಂಟ್ ಉಳಿಸಿದರೂ ಹಸಿರಲ್ಲ.

‘ಅದಕ್ಕೆಲ್ಲ ಕಾನೂನು ಇರುತ್ತಲ್ಲ ಸರ್’ ಅಂತೀರಿ. ಕಾನೂನಿಗೇನು ಬರ? ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಸಂಸತ್ತು ಕಾಯ್ದೆ ಮಾಡಿತು. ಅದರ 34ನೇ ಸೆಕ್ಷನ್ ಪ್ರಕಾರ ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಮಾಲೀಕನೇ ಪುಕ್ಕಟೆಯಾಗಿ ತಾತ್ಕಾಲಿಕ ವಸತಿ ಕೊಡಬೇಕಿತ್ತು. ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯೋದಕ್ಕೆ, ಶೌಚಕ್ಕೆ ಪ್ರತ್ಯೇಕ ವ್ಯವಸ್ಥೆ ಇರಬೇಕಿತ್ತು. ಅದೇ ವರ್ಷ ಬಂದ ಇನ್ನೊಂದು ಕಾಯ್ದೆಯಿಂದ ಕಾರ್ಮಿಕರ ಕಲ್ಯಾಣಕ್ಕಾಗಿ ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ಶುರುವಾಯಿತು. 40 ಲಕ್ಷದ ಕೆಲಸಕ್ಕೆ 40 ಸಾವಿರ. ಕೊನೆಗೆ ಅದು ಕೂತಿರೋದು ನಿಮ್ಮ ಇಎಂಐ ಒಳಗೇ. ದುಡ್ಡು ಕೊಟ್ಟವರು ನೀವು. ಲೆಕ್ಕ ಕೇಳೋದಕ್ಕೆ ಯಾಕೆ ನಾಚಿಕೆ?

2020ರ ಮೇ ತಿಂಗಳನ್ನು ಮರೆತಿಲ್ಲ ತಾನೆ? ವಲಸೆ ಕಾರ್ಮಿಕರು ಊರಿಗೆ ಹೊರಟು ನಿಂತಿದ್ದರು. ಬಿಲ್ಡರ್‌ಗಳ ಜೊತೆ ಸಭೆ ಆದ ಮೇಲೆ ನಮ್ಮ ರಾಜ್ಯ ಸರ್ಕಾರ ಅವರ ರೈಲುಗಳನ್ನೇ ರದ್ದು ಮಾಡಿತು. ದೇಶದ ತುಂಬ ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಈ ಜನ ಇಲ್ಲದೆ ನಗರ ಏಳೋದಿಲ್ಲ ಅನ್ನೋದು ಎಲ್ಲರಿಗೂ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವರಿಗೆ ಕೊಟ್ಟಿರೋದು ತಗಡು.

ಇನ್ನು ‘ಖರ್ಚು ಜಾಸ್ತಿ ಆಗುತ್ತೆ’ ಅನ್ನೋ ಮಾತು. ಕಡಿಮೆ ಖರ್ಚಿನ, ತಂಪಾದ ಮನೆ ಹೇಗೆ ಅನ್ನೋದಕ್ಕೆ ಉತ್ತರ ನಮ್ಮ ಮಲ್ಲೇಶ್ವರದ ಪಕ್ಕದಲ್ಲೇ ಇದೆ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಅನ್ನೋ ಕೇಂದ್ರ ಕಟ್ಟಿದರು, ಹಳ್ಳಿಗಳಿಗಾಗಿ. ಅಲ್ಲಿ ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ, ಕೈಯಿಂದಲೇ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡೋದನ್ನು ಹದಕ್ಕೆ ತಂದರು. ಸುಡೋ ಕೆಲಸವೇ ಇಲ್ಲ. ಇವತ್ತು ಆ ಮಣ್ಣಿನ ಗೋಡೆ ಹೆಚ್ಚಾಗಿ ಕಾಣೋದು ಎಲ್ಲಿ? ಇನ್‌ಸ್ಟಾಗ್ರಾಮಿನ ಫಾರ್ಮ್‌ಹೌಸಿನಲ್ಲಿ! ಸೂರಿಗೂ ದಾರಿ ಇದೆ. ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆಯಲ್ಲಿ ಬಿದಿರಿನ ಚಾಪೆಯಿಂದ ಸೂರಿನ ಶೀಟು ರೂಪಿಸಿದರು. ಅದು ತಗಡಿನ ಹಾಗೆ ಕಾಯಲ್ಲ. ಅದೂ ಬೇಡ ಅಂದರೆ, ಇರೋ ತಗಡಿನ ಮೇಲೆ ಎರಡು ಕೋಟು ಸುಣ್ಣ ಬಳಿದರೂ ಬಿಸಿಲು ಅಷ್ಟಿಷ್ಟು ಹಿಂದಕ್ಕೆ ಹೋಗುತ್ತೆ. ಕ್ಲಬ್‌ಹೌಸಿಗೆ ಇಟಾಲಿಯನ್ ಮಾರ್ಬಲ್ ತರಿಸೋ ಕಡೆ ಸುಣ್ಣಕ್ಕೆ ಬಡತನ ಅಂದರೆ ಯಾರು ನಂಬ್ತಾರೆ?

ನಾವು ಒಳ್ಳೆಯ ಕೆಲಸ ಮಾಡಲ್ಲ ಅಂತಲ್ಲ. ಚಳಿಗಾಲಕ್ಕೆ ಕಂಬಳಿ ಹಂಚ್ತೀವಿ, ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಊಟ ಹಾಕಿಸ್ತೀವಿ. ಬೇಡ ಅನ್ನಲ್ಲ. ಆದರೆ ಅದರಲ್ಲಿ ನಮಗೆ ಯಾರ ಜೊತೆಗೂ ನಿಷ್ಠುರ ಆಗಬೇಕಿಲ್ಲ. ನಿಷ್ಠುರ ಆಗೋ ಒಳ್ಳೆಯ ಕೆಲಸ ಬೇರೆ ಇದೆ.

ಫ್ಲ್ಯಾಟ್ ಬುಕ್ ಮಾಡೋ ಮುಂಚೆ ಮಾದರಿ ಮನೆ ನೋಡ್ತೀರಲ್ಲ, ಆಗಲೇ ‘ಲೇಬರ್ ಶೆಡ್ ತೋರಿಸಿ’ ಅನ್ನಿ. ಸೇಲ್ಸ್ ಹುಡುಗ ತಬ್ಬಿಬ್ಬಾಗ್ತಾನೆ, ಆಗಲಿ. ಹತ್ತು ಜನ ಗಿರಾಕಿಗಳು ಕೇಳಿದರೆ ಹನ್ನೊಂದನೆಯವರು ಬರೋ ಹೊತ್ತಿಗೆ ಶೆಡ್ಡಿಗೆ ಸುಣ್ಣ ಬಿದ್ದಿರುತ್ತೆ. ಮೂವತ್ತು ನಲವತ್ತರ ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸ್ತಾ ಇದ್ದೀರಾ? ಮರಳು, ಸಿಮೆಂಟು ಕಾಯೋಕೆ ಅಂತ ಒಂದು ಸಂಸಾರವನ್ನು ಅಲ್ಲೇ ಇಟ್ಟಿರ್ತೀರಿ. ಅಡಿಪಾಯಕ್ಕಿಂತ ಮೊದಲು ಅವರಿಗೊಂದು ಬಾಗಿಲಿರೋ ಶೌಚಾಲಯ ಕಟ್ಟಿಸಿ. ಮೇಸ್ತ್ರಿಗೆ ಹೇಳಿ, 90 ದಿನ ಕೆಲಸ ಮಾಡಿದವರಿಗೆ ಪ್ರಮಾಣಪತ್ರ ಕೊಡಿಸಿ, ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ. ಮಕ್ಕಳ ಓದಿಗೆ ಸಹಾಯಧನ ಸಿಗೋದು ಆ ಕಾರ್ಡಿನಿಂದ. ಬಣ್ಣ ಬಳಿಯೋಕೆ ಬಂದವರಿಗೆ ಅಪಾರ್ಟ್‌ಮೆಂಟಿನ ಶೌಚಾಲಯ ಬಳಸಬೇಡಿ ಅನ್ನೋ ಅಸೋಸಿಯೇಷನ್ ಸಭೆಯಲ್ಲಿ ಎದ್ದು ನಿಂತು ‘ಯಾಕೆ?’ ಅಂತ ಕೇಳಿ.

ಇದಕ್ಕೆಲ್ಲ ಯಾರೂ ಫೋಟೋ ತೆಗೆಯಲ್ಲ, ಲೈಕೂ ಬರಲ್ಲ. ಮುಂದಿನ ಏಪ್ರಿಲ್ಲಿನಲ್ಲಿ ತಗಡಿನ ಕೆಳಗೆ ಮಲಗಿದ ಮಗು ಮಾತ್ರ ಒಂದು ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡುತ್ತೆ.